ಇಂಧನದ ಅಭಾವದಲ್ಲಿ ಹೊರದೇಶದ ಪಯಣ: ಹೊರಡುವುದೋ, ಉಳಿಯುವುದೋ?

ಕಾರು ಹತ್ತಿ ಇನ್ನೊಂದು ದೇಶಕ್ಕೆ ಹೋಗಿಬರುವುದು ಕರ್ನಾಟಕದಲ್ಲಿರುವ ನಮಗೆ ದೂರದ ಮಾತು. ಆದರೆ ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಯಂಥ ನಾಡುಗಳಲ್ಲಿ ನೆಲೆಸಿದ್ದಾರೆ. ಕೆಲವರು ಆಸ್ಪತ್ರೆಗಳಲ್ಲಿ ನರ್ಸುಗಳು, ಕೆಲವರು ಕಂಪ್ಯೂಟರ್ ಕಂಪನಿಗಳಲ್ಲಿ ಇಂಜಿನಿಯರುಗಳು. ಅಲ್ಲಿನವರಿಗೆ ರಜೆಯಲ್ಲಿ ನೆರೆಯ ದೇಶಕ್ಕೆ ಕಾರಿನಲ್ಲಿ ಹೋಗುವುದು ಸಾಮಾನ್ಯ ಸಂಗತಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲಿದ್ದರೂ ಕಾರಿನ ಸಮೇತ ಹಡಗು ಹತ್ತಬಹುದು, ಇಲ್ಲವೇ ಕಡಲ ತಳದ ಸುರಂಗದಲ್ಲಿ ಓಡುವ ರೈಲಿಗೆ ಕಾರನ್ನು ಏರಿಸಬಹುದು. ಆ ರೈಲು 35 ನಿಮಿಷದಲ್ಲಿ ಆಚೆ ದಡ ಸೇರಿಸುತ್ತದೆ. ಊರಿನಿಂದ ತಂದೆತಾಯಿ ಬಂದಿದ್ದರಂತೂ ಅವರನ್ನು ಲೂರ್ದು ಮಾತೆಯ ಪುಣ್ಯಕ್ಷೇತ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಬೇಕೆಂಬ ಆಸೆ ಮಕ್ಕಳಿಗೆ ಸಹಜವಾಗಿಯೇ ಇರುತ್ತದೆ.

ಎಲ್ಲ ಸಿದ್ಧವಾಗಿರುವಾಗ, ಹೋಗಬೇಕಾದ ದೇಶದಲ್ಲಿ ಪೆಟ್ರೋಲ್ ಸಿಗುತ್ತಿಲ್ಲ ಎಂಬ ಸುದ್ದಿ ಬಂದರೆ ಏನು ಮಾಡಬೇಕು? ಹೊರಡಬೇಕೇ? ನಿಲ್ಲಬೇಕೇ? ಇದು ಹಣದ ಅಥವಾ ಅನುಕೂಲದ ಪ್ರಶ್ನೆ ಮಾತ್ರವೇ? ಅಂತಃಸಾಕ್ಷಿಗೂ ಇಲ್ಲಿ ಹೇಳುವುದೇನಾದರೂ ಇದೆಯೇ? ಈ ವಾರದ ಪಾಠದಲ್ಲಿ ಇದನ್ನು ವಿಚಾರ ಮಾಡೋಣ.

ಒಂದು ಮನೆಯ ಉದಾಹರಣೆ

ಉದಾಹರಣೆಗಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅದು ಲಂಡನ್ ನಗರದ ಸಮೀಪ ವಾಸವಾಗಿದೆ. ಗಂಡ ಇಂಜಿನಿಯರ್, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಇಬ್ಬರು ಮಕ್ಕಳು. ಮೈಸೂರು ಕಡೆಯಿಂದ ಗಂಡನ ತಾಯಿ ಬಂದಿದ್ದಾರೆ. ಅಜ್ಜಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ಹಿಂದೊಮ್ಮೆ ಮೊಮ್ಮಗು ಕಾಯಿಲೆ ಬಿದ್ದಾಗ, ಗುಣವಾದರೆ ಲೂರ್ದಿಗೆ ಬಂದು ಮೇಣದ ಬತ್ತಿ ಹಚ್ಚುತ್ತೇನೆ ಎಂದು ಅವರು ಹರಕೆ ಹೊತ್ತಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ಸಲ್ಲುವುದಿಲ್ಲ. ಷೆಂಗೆನ್ ವೀಸಾ ಎಂಬುದನ್ನು ಬೇರೆಯಾಗಿಯೇ ಪಡೆಯಬೇಕು. ಕಷ್ಟಪಟ್ಟು ಅದನ್ನೂ ಪಡೆದಿದ್ದಾಗಿದೆ. ಅಕ್ಟೋಬರ್ ಕೊನೆಯ ವಾರ ಮಕ್ಕಳಿಗೆ ಶಾಲೆಯ ರಜೆ. ನವೆಂಬರ್ ಮೊದಲ ವಾರ ಅಜ್ಜಿ ಊರಿಗೆ ಮರಳಬೇಕು. ವರ್ಷ 2022.

ಆ ವರ್ಷವನ್ನೇ ಏಕೆ ತೆಗೆದುಕೊಂಡೆವು ಎಂದರೆ, ಫ್ರಾನ್ಸಿನಲ್ಲಿ ಆ ತಿಂಗಳು ನಿಜವಾಗಿಯೂ ಇಂಧನದ ಅಭಾವವಿತ್ತು.

ಅಭಾವ ಹೇಗೆ ಬರುತ್ತದೆ?

ಅಭಾವಗಳೆಲ್ಲ ಒಂದೇ ಬಗೆಯವಲ್ಲ. ಯುರೋಪಿನ ಇತ್ತೀಚಿನ ಚರಿತ್ರೆಯಿಂದ ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು 1973ರದು. ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಯುದ್ಧವಾಯಿತು. ಅರಬ್ ದೇಶಗಳು ತೈಲದ ಉತ್ಪಾದನೆಯನ್ನು ಇಳಿಸಿದವು. ಅಮೆರಿಕಕ್ಕೂ ನೆದರ್ಲೆಂಡ್ಸ್‌ಗೂ ತೈಲ ಕಳಿಸುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನೆದರ್ಲೆಂಡ್ಸ್ ದೇಶ ನವೆಂಬರ್ 4ರಂದು ಕಾರುಗಳಿಲ್ಲದ ಭಾನುವಾರವನ್ನು ಆರಂಭಿಸಿತು. ಬೆಲ್ಜಿಯಂ, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಗಳೂ ಹಾಗೆಯೇ ಮಾಡಿದವು. ಭಾನುವಾರಗಳಲ್ಲಿ ಹೆದ್ದಾರಿಗಳ ಮೇಲೆ ಜನ ನಡೆದಾಡಿದರು, ಸೈಕಲ್ ತುಳಿದರು. ವೈದ್ಯರಿಗೆ ಮತ್ತು ತುರ್ತು ಕೆಲಸದವರಿಗೆ ಮಾತ್ರ ವಿನಾಯಿತಿ ಇತ್ತು. ಇದು ಸರಕೇ ಕಡಿಮೆಯಾದ ಅಭಾವ.

ಎರಡನೆಯದು ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್ ಕೊನೆಯಲ್ಲಿ ಆದದ್ದು. ಆಗ ದೇಶದಲ್ಲಿ ಪೆಟ್ರೋಲ್ ಇತ್ತು; ಅದನ್ನು ಬಂಕುಗಳಿಗೆ ಸಾಗಿಸುವ ಟ್ಯಾಂಕರ್ ಚಾಲಕರು ಸಾಕಷ್ಟು ಇರಲಿಲ್ಲ. ಕೆಲವು ಬಂಕುಗಳನ್ನು ಮುಚ್ಚಬೇಕಾಗಿದೆ ಎಂಬ ಸುದ್ದಿ ಹರಡಿದ್ದೇ ತಡ, ಅರ್ಧ ತುಂಬಿದ ಟ್ಯಾಂಕಿನವರೂ ಸಾಲು ನಿಂತರು. ಎರಡು ಮೂರು ದಿನಗಳಲ್ಲಿ ಸಾವಿರಾರು ಬಂಕುಗಳು ಬರಿದಾದವು. ನರ್ಸುಗಳು, ವೈದ್ಯರು ಕೆಲಸಕ್ಕೆ ಹೋಗಲು ಪೆಟ್ರೋಲ್ ಸಿಗದೆ ಪರದಾಡಿದರು. ಆರೋಗ್ಯ ಸೇವೆಯವರಿಗೆ ಮೊದಲು ಕೊಡಿ ಎಂದು ಅಲ್ಲಿನ ವೈದ್ಯರ ಸಂಘ ಕೇಳಿಕೊಂಡಿತು. ಅಕ್ಟೋಬರ್ 4ರಿಂದ ಸೈನಿಕರು ಟ್ಯಾಂಕರ್ ಓಡಿಸಬೇಕಾಯಿತು. ಕೊರತೆ ಇದ್ದದ್ದು ಸ್ವಲ್ಪ. ಭಯ ಅದನ್ನು ಹತ್ತು ಪಟ್ಟು ಮಾಡಿತು.

ಮೂರನೆಯದು 2022ರ ಫ್ರಾನ್ಸಿನದು. ಸೆಪ್ಟೆಂಬರ್ ಕೊನೆಯ ಭಾಗದಿಂದ ತೈಲ ಶುದ್ಧೀಕರಣ ಘಟಕಗಳ ನೌಕರರು ಸಂಬಳ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದರು. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ದೇಶದ ಬಂಕುಗಳಲ್ಲಿ ಸುಮಾರು ಮೂರರಲ್ಲೊಂದು ಭಾಗಕ್ಕೆ ಸರಬರಾಜಿನ ತೊಂದರೆ ಇತ್ತು. ಅತಿ ಹೆಚ್ಚು ಬಾಧಿತವಾದ ಪ್ರದೇಶಗಳಲ್ಲಿ ಪ್ಯಾರಿಸ್ ಸುತ್ತಮುತ್ತಲ ಪ್ರದೇಶವೂ ಉತ್ತರದ ತುದಿಯೂ ಸೇರಿದ್ದವು. ಇಂಗ್ಲೆಂಡಿನಿಂದ ಹೋದ ಕಾರು ಮೊದಲು ಇಳಿಯುವ ಕಲೇ ಪಟ್ಟಣ ಇರುವುದು ಆ ಉತ್ತರದ ತುದಿಯಲ್ಲೇ. ಅನೇಕ ಕಡೆ ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳುವುದನ್ನು ಅಧಿಕಾರಿಗಳು ನಿಷೇಧಿಸಿದರು. ಕೆಲವು ಬಂಕುಗಳನ್ನು ಆಂಬುಲೆನ್ಸ್, ಆರೋಗ್ಯ ಸೇವೆ ಮುಂತಾದ ಅಗತ್ಯ ಕೆಲಸದವರಿಗೆಂದೇ ಕಾದಿರಿಸಿದರು. ಗಡಿಯ ಬಳಿಯ ಜನ ಬೆಲ್ಜಿಯಂಗೆ ಹೋಗಿ ತುಂಬಿಸಿಕೊಂಡು ಬಂದರು. ಅಕ್ಟೋಬರ್ 12ರಂದು ಸರ್ಕಾರ ಒಂದು ಡಿಪೋದ ಕೆಲವು ಕೆಲಸಗಾರರನ್ನು ಕಡ್ಡಾಯವಾಗಿ ಕೆಲಸಕ್ಕೆ ಕರೆಯಿತು. ತಿಂಗಳ ಕೊನೆಯ ಹೊತ್ತಿಗೆ ಪರಿಸ್ಥಿತಿ ನಿಧಾನವಾಗಿ ಸುಧಾರಿಸುತ್ತ ಬಂತು. ಆದರೆ ತಿಂಗಳ ನಡುವೆ ನಿರ್ಧಾರ ಮಾಡಬೇಕಾಗಿದ್ದವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ನಮ್ಮ ಕುಟುಂಬ ಈ ಸ್ಥಿತಿಯಲ್ಲಿದೆ. ‘ಏನೂ ಆಗುವುದಿಲ್ಲ, ದೇವರಿದ್ದಾನೆ, ಹೊರಡೋಣ’ ಎನ್ನುತ್ತಾನೆ ಗಂಡ. ‘ನನಗೆ ಸೋಮವಾರ ಬೆಳಿಗ್ಗೆ ಡ್ಯೂಟಿ ಇದೆ. ನಡುದಾರಿಯಲ್ಲಿ ನಿಂತರೆ ಏನು ಗತಿ?’ ಎನ್ನುತ್ತಾಳೆ ಹೆಂಡತಿ. ಅಜ್ಜಿ ಮಾತ್ರ, ‘ನನ್ನಿಂದ ನಿಮಗೆ ತೊಂದರೆ ಬೇಡ ಮಗಾ’ ಎಂದು ಹೇಳಿ ಒಳಗೊಳಗೇ ಕೊರಗುತ್ತಾರೆ.

ಸದ್ಗುಣಗಳ ಸಾರಥಿ

ಇಂಥ ಸಂದರ್ಭದಲ್ಲಿ ಬೇಕಾದ ಸದ್ಗುಣ ವಿವೇಕ. ವಿವೇಕ, ನ್ಯಾಯ, ಸ್ಥೈರ್ಯ, ಮಿತಸಂಯಮ ಎಂಬ ನಾಲ್ಕು ಮೂಲ ಸದ್ಗುಣಗಳಲ್ಲಿ ವಿವೇಕವನ್ನು ಧರ್ಮಸಭೆಯ ಪರಂಪರೆ ಸದ್ಗುಣಗಳ ಸಾರಥಿ ಎಂದು ಕರೆದಿದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಈ ಹೆಸರನ್ನು ನೆನಪಿಸುತ್ತದೆ. ಕುದುರೆಗಳಿಗೆ ಬಲವಿದ್ದರೂ ಲಗಾಮು ಹಿಡಿಯುವವನಿಲ್ಲದೆ ರಥ ದಾರಿ ತಪ್ಪುತ್ತದೆ. ಹಾಗೆಯೇ ಭಕ್ತಿ, ಪ್ರೀತಿ, ಧೈರ್ಯ ಎಲ್ಲ ಇದ್ದೂ ವಿವೇಕವಿಲ್ಲದಿದ್ದರೆ ಒಳ್ಳೆಯ ಉದ್ದೇಶವೂ ಕೆಡುಕಿನಲ್ಲಿ ಮುಗಿಯಬಹುದು.

ನಾವು ಸಾಮಾನ್ಯವಾಗಿ ವಿವೇಕ ಎಂದರೆ ಹಿಂಜರಿಕೆ ಎಂದು ತಿಳಿಯುತ್ತೇವೆ. ಹೊರಡದೆ ಮನೆಯಲ್ಲಿ ಕುಳಿತವನನ್ನು ವಿವೇಕಿ ಎನ್ನುತ್ತೇವೆ. ಇದು ತಪ್ಪು ತಿಳಿವಳಿಕೆ. ಸಂತ ತೋಮಸ್ ಅಕ್ವಿನಾಸರು ವಿವೇಕಕ್ಕೆ ಮೂರು ಕೆಲಸಗಳನ್ನು ಹೇಳುತ್ತಾರೆ. ಮೊದಲನೆಯದು ಆಲೋಚನೆ: ಸಂಗತಿಗಳನ್ನು ಕಲೆಹಾಕಿ, ತಿಳಿದವರನ್ನು ಕೇಳುವುದು. ಎರಡನೆಯದು ತೀರ್ಮಾನ: ಯಾವುದು ಸರಿ ಎಂದು ತೂಗಿ ನೋಡುವುದು. ಮೂರನೆಯದು ಆಜ್ಞೆ: ತೀರ್ಮಾನಿಸಿದ್ದನ್ನು ತನಗೆ ತಾನೇ ವಿಧಿಸಿಕೊಂಡು ನಡೆಸುವುದು. ಈ ಮೂರರಲ್ಲಿ ಆಜ್ಞೆಯೇ ಮುಖ್ಯ ಎಂಬುದು ಅವರ ಮತ. ಯೋಚಿಸುತ್ತಲೇ ಇದ್ದು ಏನನ್ನೂ ಮಾಡದವನು ವಿವೇಕಿಯಲ್ಲ. ಯೋಚಿಸದೆ ನುಗ್ಗುವವನೂ ವಿವೇಕಿಯಲ್ಲ. ಈ ಮೂರು ಹೆಜ್ಜೆಗಳನ್ನು ನಮ್ಮ ಕುಟುಂಬದ ಜೊತೆ ನಡೆದು ನೋಡೋಣ.

ಮೊದಲ ಹೆಜ್ಜೆ: ಲೆಕ್ಕ ಹಾಕುವುದು, ಕೇಳುವುದು

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದ್ದನ್ನು ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಾವೂ ಕಾಗದ, ಪೆನ್ನು ಹಿಡಿದು ಕುಳಿತುಕೊಳ್ಳೋಣ.

ಕಲೇ ಪಟ್ಟಣದಿಂದ ಲೂರ್ದಿಗೆ ರಸ್ತೆಯಲ್ಲಿ ಸುಮಾರು 1,100 ಕಿಲೋಮೀಟರ್. ಹೋಗಿಬರಲು 2,200. ಐದು ಜನ ಕುಳಿತ ಕಾರು ಲೀಟರಿಗೆ 15 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ಸುಮಾರು 147 ಲೀಟರ್ ಬೇಕು. ಟ್ಯಾಂಕ್ ಹಿಡಿಯುವುದು 50 ಲೀಟರ್. ಇಂಗ್ಲೆಂಡಿನಲ್ಲಿ ಆ ತಿಂಗಳು ಅಭಾವ ಇರಲಿಲ್ಲ. ಆದ್ದರಿಂದ ಕಡಲು ದಾಟುವ ಮುನ್ನ ಟ್ಯಾಂಕ್ ತುಂಬಿಸಿಕೊಳ್ಳಬಹುದು. ಉಳಿದ ಸುಮಾರು 97 ಲೀಟರನ್ನು, ಅಂದರೆ ಎರಡು ಟ್ಯಾಂಕಿನಷ್ಟನ್ನು, ಅಭಾವವಿರುವ ದೇಶದಲ್ಲೇ ಕೊಳ್ಳಬೇಕು.

ಈಗ ಇನ್ನೊಂದು ಲೆಕ್ಕ. ತುಂಬಿದ ಟ್ಯಾಂಕಿನಲ್ಲಿ 10 ಲೀಟರನ್ನು ಆಪತ್ತಿಗೆಂದು ಮುಟ್ಟದೆ ಇಟ್ಟರೆ ಉಳಿಯುವುದು 40 ಲೀಟರ್, ಅಂದರೆ 600 ಕಿಲೋಮೀಟರ್ ಓಟ. ಒಂದು ಹನಿಯನ್ನೂ ಕೊಳ್ಳದೆ ಹೋಗಿ ಮರಳಬಹುದಾದ ದೂರ 300 ಕಿಲೋಮೀಟರ್. ಇದನ್ನು ಮರಳುವ ಗಡಿ ಎಂದು ಕರೆಯೋಣ. ಆ ಗಡಿ ದಾಟಿದ ಮೇಲೆ ನಾವು ನಮ್ಮ ಟ್ಯಾಂಕಿನ ಬಲದ ಮೇಲಲ್ಲ, ಅಪರಿಚಿತ ಊರಿನ ಬಂಕಿನ ಭಾಗ್ಯದ ಮೇಲೆ ಹೋಗುತ್ತಿರುತ್ತೇವೆ.

ಕ್ಯಾನಿನಲ್ಲಿ ಒಯ್ದರಾಗದೇ ಎಂದು ಕೆಲವರು ಕೇಳಬಹುದು. ಬ್ರಿಟನ್ನಿನ ಕಾನೂನಿನಂತೆ ಪ್ಲಾಸ್ಟಿಕ್ ಕ್ಯಾನು 10 ಲೀಟರಿಗೆ, ಲೋಹದ ಕ್ಯಾನು 20 ಲೀಟರಿಗೆ ಮೀರಬಾರದು. ಅಧಿಕಾರಿಗಳಿಗೆ ತಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರ್ ಮಾತ್ರ. ಹಡಗು ಮತ್ತು ಸುರಂಗದ ರೈಲಿನವರಿಗೆ ಅವರದೇ ನಿಯಮಗಳಿವೆ. ಅವನ್ನು ಮೊದಲೇ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳೂ ವೃದ್ಧರೂ ಕುಳಿತ ಮುಚ್ಚಿದ ಕಾರಿನಲ್ಲಿ ಪೆಟ್ರೋಲ್ ಕ್ಯಾನು ಬೆಂಕಿಯ ಅಪಾಯ. ಅದರ ಆವಿ ಉಸಿರಿಗೂ ಒಳ್ಳೆಯದಲ್ಲ.

ಆಲೋಚನೆ ಎಂದರೆ ಕೇಳುವುದೂ ಹೌದು. ಇತರರಿಂದ ಕಲಿಯುವ ವಿನಯವನ್ನು ಸಂತ ತೋಮಸರು ವಿವೇಕದ ಎಂಟು ಅಂಗಗಳಲ್ಲಿ ಒಂದೆಂದು ಎಣಿಸುತ್ತಾರೆ. ಬ್ರಿಟನ್ನಿನ ವಿದೇಶಾಂಗ ಇಲಾಖೆ ಪ್ರತಿ ದೇಶದ ಬಗ್ಗೆ ಪ್ರಯಾಣ ಸಲಹೆ ಕೊಡುತ್ತದೆ. ಫ್ರೆಂಚ್ ಸರ್ಕಾರ ಬಂಕುವಾರು ಇಂಧನದ ಬೆಲೆಯನ್ನು ಪ್ರಕಟಿಸುತ್ತದೆ. ವಿಮೆ ಕಂಪನಿಯನ್ನು ಒಂದು ಪ್ರಶ್ನೆ ಕೇಳಲೇಬೇಕು: ಇಂಧನ ಮುಗಿದು ಕಾರು ನಿಂತರೆ ನೀವು ಸಹಾಯಕ್ಕೆ ಬರುತ್ತೀರಾ? ಆ ದಾರಿಯಲ್ಲಿ ಮೊನ್ನೆ ಮೊನ್ನೆ ಹೋಗಿಬಂದವರು ಇದ್ದರೆ ಅವರ ಮಾತು ಇನ್ನೂ ಬೆಲೆಯುಳ್ಳದ್ದು. ಮನೆಯಲ್ಲೂ ಎಲ್ಲರನ್ನೂ ಕೇಳಬೇಕು, ಮುಖ್ಯವಾಗಿ ಮೌನವಾಗಿರುವವರನ್ನು. ಅಜ್ಜಿಯ ಮೌನವನ್ನು ಒಪ್ಪಿಗೆಯೆಂದೋ ನಿರಾಕರಣೆಯೆಂದೋ ನಾವೇ ಅರ್ಥ ಮಾಡಿಕೊಂಡರೆ ಅದು ಆಲೋಚನೆಯಾಗದು.

ಎರಡನೆಯ ಹೆಜ್ಜೆ: ತೂಗಿ ನೋಡುವುದು

ಪೆಟ್ರೋಲ್ ಸಿಗುತ್ತದೆಯೇ ಎಂಬುದು ಮೊದಲ ಹೆಜ್ಜೆಯ ಪ್ರಶ್ನೆಯಾಗಿತ್ತು. ಸಿಕ್ಕರೂ ಅದನ್ನು ನಾನು ತೆಗೆದುಕೊಳ್ಳಬಹುದೇ ಎಂಬುದು ಎರಡನೆಯ ಹೆಜ್ಜೆಯ ಪ್ರಶ್ನೆ. ಇಲ್ಲಿ ವಿವೇಕದ ಜೊತೆಗೆ ನ್ಯಾಯವೂ ಬರುತ್ತದೆ.

ಭೂಮಿಯ ಸಂಪತ್ತನ್ನು ದೇವರು ಸಕಲ ಮಾನವರ ಉಪಯೋಗಕ್ಕಾಗಿ ಕೊಟ್ಟಿದ್ದಾರೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಹಣ ಕೊಟ್ಟ ಮಾತ್ರಕ್ಕೆ ಒಂದು ವಸ್ತುವಿನ ಮೇಲಿನ ನಮ್ಮ ಹಕ್ಕು ಪೂರ್ತಿಯಾಗುವುದಿಲ್ಲ. ಸಮೃದ್ಧಿಯ ಕಾಲದಲ್ಲಿ ನಾವು ತುಂಬಿಸಿಕೊಂಡ 40 ಲೀಟರಿನಿಂದ ಯಾರಿಗೂ ಕೊರತೆಯಾಗದು. ಅಭಾವದ ಕಾಲದಲ್ಲಿ ಅದೇ 40 ಲೀಟರ್, ನಮ್ಮ ಹಿಂದೆ ಸಾಲಿನಲ್ಲಿ ನಿಂತಿರುವ ನರ್ಸಿನ ಒಂದು ವಾರದ ಓಡಾಟವಾಗಿರಬಹುದು. ನಮ್ಮ ಉದಾಹರಣೆಯ ಹೆಂಡತಿಗೆ ಇದು ಬಲ್ಲ ವಿಷಯ. ಹಿಂದಿನ ವರ್ಷ ಇಂಗ್ಲೆಂಡಿನಲ್ಲಿ ಅಂಥ ಸಾಲುಗಳಲ್ಲಿ ನಿಂತವರು ಅವಳಂಥವರೇ ಅಲ್ಲವೇ? ನಮಗಾದ ನೋವನ್ನು ನೆನಪಿಟ್ಟು ಇನ್ನೊಬ್ಬರಿಗೆ ಅದು ಆಗದಂತೆ ನೋಡಿಕೊಳ್ಳುವುದು, ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಅವರಿಗೆ ಮಾಡಬೇಕೆಂಬ ಪ್ರಭುವಿನ ಬೋಧನೆಯನ್ನು ಪಾಲಿಸುವ ಒಂದು ಬಗೆ.

ಹಾಗಾದರೆ ಅಭಾವವಿರುವ ದೇಶದಲ್ಲಿ ಪರದೇಶಿಯು ಒಂದು ಲೀಟರನ್ನೂ ಕೊಳ್ಳಬಾರದೇ? ಹಾಗಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ತೂಕ ತಿಳಿಯುತ್ತದೆ.

ಒಂದು: ಈ ಪ್ರಯಾಣ ಎಷ್ಟು ಅಗತ್ಯ? ಸಾಯುವ ಸ್ಥಿತಿಯಲ್ಲಿರುವ ಬಂಧುವನ್ನು ನೋಡಲು ಹೋಗುವುದು ಬೇರೆ, ರಜೆ ಕಳೆಯಲು ಹೋಗುವುದು ಬೇರೆ. 1973ರಲ್ಲಿ ಸರ್ಕಾರಗಳು ಭಾನುವಾರದ ಸವಾರಿಗಳನ್ನು ನಿಲ್ಲಿಸಿ ವೈದ್ಯರ ಕಾರುಗಳನ್ನು ಬಿಟ್ಟದ್ದು ಈ ಭೇದವನ್ನು ಗಮನಿಸಿಯೇ.

ಎರಡು: ಬೇರೆ ದಾರಿ ಇದೆಯೇ? ರೈಲು, ಬಸ್ಸು, ಹತ್ತಿರದ ಇನ್ನೊಂದು ಸ್ಥಳ, ಇನ್ನೊಂದು ಸಮಯ.

ಮೂರು: ನಾವು ಸಿಕ್ಕಿಹಾಕಿಕೊಂಡರೆ ಭಾರ ಯಾರ ಮೇಲೆ ಬೀಳುತ್ತದೆ? ನರ್ಸು ಸೋಮವಾರ ಬಾರದಿದ್ದರೆ ಅವಳ ಪಾಳಿಯನ್ನು ಇನ್ನೊಬ್ಬಳು ಮಾಡಬೇಕು. ಹೆದ್ದಾರಿಯಲ್ಲಿ ರಾತ್ರಿ ಕಾರು ನಿಂತರೆ ಮಕ್ಕಳಿಗೆ ಚಳಿ, ಅಜ್ಜಿಯ ಊಟಕ್ಕೂ ಇನ್ಸುಲಿನ್‌ಗೂ ಹೊತ್ತು ತಪ್ಪುತ್ತದೆ.

ನಾಲ್ಕು: ಅಲ್ಲಿನ ಅಧಿಕಾರಿಗಳು ಏನು ಹೇಳಿದ್ದಾರೆ? ಸಾಮಾನ್ಯ ಹಿತಕ್ಕಾಗಿ ಹಾಕಿದ ಮಿತಿಯನ್ನು ಪಾಲಿಸುವುದು ಪರದೇಶಿಗೂ ಕರ್ತವ್ಯ.

ಎರಡು ಅತಿರೇಕಗಳು

ಈ ತೂಕದಲ್ಲಿ ಎರಡು ಕಡೆಯಿಂದ ತಕ್ಕಡಿ ವಾಲುವ ಅಪಾಯವಿದೆ. ಒಂದು ಭಯ. ಸಿಕ್ಕಷ್ಟನ್ನೂ ತುಂಬಿಸಿ ಬಚ್ಚಿಟ್ಟುಕೊಳ್ಳುವ ಆತುರ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನ ಸಿಕ್ಕಾಗ ಮರುದಿನಕ್ಕೆಂದು ಕೂಡಿಟ್ಟದ್ದು ಹುಳು ಬಿದ್ದು ನಾರಿತು ಎಂದು ವಿಮೋಚನಕಾಂಡ ಹೇಳುತ್ತದೆ. ಆದರೆ ಆರನೆಯ ದಿನ, ಮರುದಿನದ ಸಬ್ಬತ್ತಿಗಾಗಿ ಎರಡರಷ್ಟು ಕೂಡಿಸಿದ್ದು ಕೆಡಲಿಲ್ಲ ಎಂಬುದನ್ನೂ ಅದೇ ಅಧ್ಯಾಯ ಹೇಳುತ್ತದೆ. ಭೇದವನ್ನು ಗಮನಿಸಿ. ಗೊತ್ತಾದ ಅಗತ್ಯಕ್ಕೆ ಮುಂಚಿತವಾಗಿ ಸಿದ್ಧವಾಗುವುದು ದೂರದೃಷ್ಟಿ. ಭಯದಿಂದ ಗುಡ್ಡೆ ಹಾಕುವುದು ಅತಿಯಾದ ಚಿಂತೆ. ಅದನ್ನು ಸಂತ ತೋಮಸರು ವಿವೇಕದ ವೇಷ ಹಾಕಿದ ದೋಷಗಳ ಸಾಲಿನಲ್ಲಿ ಚರ್ಚಿಸಿದ್ದಾರೆ. ಸಮೃದ್ಧಿಯಿರುವ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವುದು ಮೊದಲನೆಯ ಬಗೆ. ಬರಿದಾಗುತ್ತಿರುವ ಬಂಕಿನಲ್ಲಿ ಮುಕ್ಕಾಲು ತುಂಬಿದ ಟ್ಯಾಂಕಿಗೆ ಮತ್ತೆ ತುಂಬಿಸುವುದು ಎರಡನೆಯ ಬಗೆ.

ಇನ್ನೊಂದು ಅತಿರೇಕ ಹಟ. ಅದು ಹಲವೊಮ್ಮೆ ವಿಶ್ವಾಸದ ಮಾತನ್ನು ಆಡುತ್ತದೆ. ದೇವರ ಕೆಲಸಕ್ಕೆ ಹೋಗುತ್ತಿದ್ದೇವೆ, ದೇವರೇ ದಾರಿ ತೋರಿಸುತ್ತಾರೆ ಎನ್ನುತ್ತದೆ. ಸೈತಾನನು ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದಾಗ ಪ್ರಭು ಯೇಸು ಒಪ್ಪಲಿಲ್ಲ. ದೇವರಲ್ಲಿ ಭರವಸೆ ಇಡುವುದು ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ. ಹತ್ತು ಕನ್ಯೆಯರ ಸಾಮತಿಯಲ್ಲಿಯೂ ಜಾಣೆಯರು ಎಣ್ಣೆಯನ್ನು ಮೊದಲೇ ತಂದಿದ್ದರು. ದಡ್ಡಿಯರು ನಡುರಾತ್ರಿ ಅಂಗಡಿ ಹುಡುಕಿದರು.

ಹರಕೆಯ ಮಾತು

ಅಜ್ಜಿಯ ಮನಸ್ಸನ್ನು ಹಿಂಡುತ್ತಿರುವುದು ಹರಕೆ. ಹೊತ್ತ ಹರಕೆ ತೀರಿಸದಿದ್ದರೆ ಮೊಮ್ಮಗುವಿಗೆ ಏನಾದರೂ ಆದೀತೆಂಬ ಭಯ ನಮ್ಮ ಅನೇಕ ತಾಯಂದಿರಲ್ಲಿದೆ. ಈ ಬಗ್ಗೆ ಧರ್ಮಸಭೆಯ ಬೋಧನೆ ಏನೆಂದು ತಿಳಿದರೆ ಎಷ್ಟೋ ಮನಸ್ಸುಗಳು ಹಗುರವಾದಾವು.

ದೇವರಿಗೆ ಮಾಡಿದ ಹರಕೆ ಗಂಭೀರವಾದದ್ದು, ಅದನ್ನು ನೆರವೇರಿಸಬೇಕು ನಿಜ. ಆದರೆ 1983ರ ಧರ್ಮಸಭಾ ಕಾನೂನು ಸಂಹಿತೆಯಂತೆ, ಹರಕೆ ಎಂಬುದು ಸಾಧ್ಯವಾದ ಮತ್ತು ಹೆಚ್ಚು ಒಳ್ಳೆಯದಾದ ವಿಷಯದ ಬಗ್ಗೆ ಬುದ್ಧಿಪೂರ್ವಕವಾಗಿ, ಸ್ವತಂತ್ರವಾಗಿ ದೇವರಿಗೆ ಕೊಟ್ಟ ಮಾತು. ಖಾಸಗಿ ಹರಕೆಯನ್ನು ಹೊತ್ತವರು ಅದನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಉತ್ತಮವಾದ ಸತ್ಕಾರ್ಯಕ್ಕೆ ತಾವೇ ಬದಲಾಯಿಸಿಕೊಳ್ಳಬಹುದು ಎಂದು 1197ನೆಯ ನಿಯಮ ಹೇಳುತ್ತದೆ. ಯೋಗ್ಯ ಕಾರಣವಿದ್ದು, ಇತರರ ಹಕ್ಕಿಗೆ ಧಕ್ಕೆಯಾಗದಿದ್ದರೆ, ಧರ್ಮಕೇಂದ್ರದ ಗುರುಗಳು ಅದರಿಂದ ಬಿಡುಗಡೆಯನ್ನೂ ಕೊಡಬಹುದು ಎನ್ನುತ್ತದೆ 1196ನೆಯ ನಿಯಮ. ತಮ್ಮ ಧರ್ಮಕೇಂದ್ರದವರಿಗೆ ಮಾತ್ರವಲ್ಲ, ಹೊರಗಿನಿಂದ ಬಂದವರಿಗೂ ಅವರು ಕೊಡಬಹುದು. ಮೈಸೂರಿನ ಅಜ್ಜಿ ಲಂಡನ್ನಿನ ಗುರುಗಳನ್ನೇ ಕೇಳಬಹುದು. ಮಾತೆ ಮರಿಯಮ್ಮನವರು ಸಾಲ ವಸೂಲಿ ಮಾಡುವವರಲ್ಲ. ಮಗುವಿನ ಮೇಲೆ ಮುನಿಸು ತೀರಿಸಿಕೊಳ್ಳುವವರಂತೂ ಅಲ್ಲವೇ ಅಲ್ಲ.

ಮೂರನೆಯ ದಾರಿ

ಈಗ ನಮ್ಮ ಕುಟುಂಬ ಮತ್ತೆ ಮೇಜಿನ ಸುತ್ತ ಕುಳಿತಿದೆ. ಕಾರಿನಲ್ಲಿ ಎಲ್ಲರೂ ಹೋಗುವುದೋ ಯಾರೂ ಹೋಗದಿರುವುದೋ ಎಂದು ಆರಂಭವಾದ ಚರ್ಚೆ ಈಗ ಬೇರೆಯಾಗಿದೆ. ಯಾರು ಹೋಗಬೇಕು, ಏತಕ್ಕೆ ಹೋಗಬೇಕು, ಹೇಗೆ ಹೋಗಬೇಕು ಎಂದು ಅವರು ಕೇಳುತ್ತಿದ್ದಾರೆ. ಸರಿಯಾದ ಆಲೋಚನೆಯ ಫಲವೇ ಇದು.

ಲೂರ್ದಿಗೆ ಹೋಗಲೇಬೇಕಾದವರು ಅಜ್ಜಿ. ಲಂಡನ್ನಿನಿಂದ ಪ್ಯಾರಿಸ್ಸಿಗೆ ರೈಲಿದೆ. ಪ್ಯಾರಿಸ್ಸಿನಿಂದ ಲೂರ್ದಿಗೆ ವೇಗದ ರೈಲಿನಲ್ಲಿ ಸುಮಾರು ಐದು ಗಂಟೆ. ಐವರಿಗೆ ಟಿಕೆಟ್ ಹೊರೆಯಾದರೂ ತಾಯಿ ಮತ್ತು ಮಗ ಇಬ್ಬರಿಗೆ ಹೊರೆಯಾಗಲಾರದು. ಸೊಸೆ ಡ್ಯೂಟಿಗೆ ಹೋಗಬಹುದು, ಮಕ್ಕಳು ಅಮ್ಮನ ಜೊತೆ ಇರಬಹುದು. ಆದರೆ ರೈಲನ್ನೂ ಕಣ್ಣು ಮುಚ್ಚಿ ನಂಬಬಾರದು. ಅದೇ ಅಕ್ಟೋಬರ್ 18ರಂದು ಫ್ರಾನ್ಸಿನ ರೈಲು ನೌಕರರೂ ಮುಷ್ಕರದಲ್ಲಿ ಸೇರಿದ್ದರು. ದಿನವನ್ನು ನೋಡಿಯೇ ಟಿಕೆಟ್ ತೆಗೆಯಬೇಕು.

ಎಲ್ಲರೂ ಒಟ್ಟಿಗೆ ಹೋಗಲೇಬೇಕೆಂದಿದ್ದರೆ, ಕಲೇ ಪಟ್ಟಣದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಅಂದರೆ ನಾವು ಲೆಕ್ಕ ಹಾಕಿದ ಮರಳುವ ಗಡಿಯ ಬಳಿಯಲ್ಲೇ, ಲಿಸಿಯೂ ಇದೆ. ಬಾಲಯೇಸುವಿನ ಸಂತ ತೆರೇಸಮ್ಮನವರು ಬಾಳಿದ ಊರು ಅದು. ಅಜ್ಜಿ ತಮ್ಮ ಹರಕೆಯನ್ನು ಅಲ್ಲಿಗೆ ಬದಲಾಯಿಸಿಕೊಂಡರೆ, ಇಂಗ್ಲೆಂಡಿನಲ್ಲಿ ತುಂಬಿಸಿದ ಒಂದೇ ಟ್ಯಾಂಕಿನಲ್ಲಿ, ಫ್ರಾನ್ಸಿನ ಒಂದು ಲೀಟರನ್ನೂ ಮುಟ್ಟದೆ, ಹೋಗಿಬರುವ ದಾರಿ ಅದು. ಆದರೆ ಅಲ್ಲಿಂದ ಮುಂದೆ ಬೇರೆ ಊರು ನೋಡುವ ಆಸೆಯನ್ನು ಬಿಡಬೇಕು.

ಐವರೂ ಕಾರಿನಲ್ಲಿ ಲೂರ್ದಿಗೇ ಹೋಗುವುದೆಂದರೆ? ಅಕ್ಟೋಬರ್ ನಡುವಿನ ಆ ಸ್ಥಿತಿಯಲ್ಲಿ ಅದು ವಿವೇಕವಲ್ಲ ಎಂದೇ ಹೇಳಬೇಕಾಗುತ್ತದೆ. ಬೇರೆ ದಾರಿಗಳಿದ್ದವು, ಭಾರ ಬೀಳುವುದು ಇತರರ ಮೇಲಿತ್ತು. ಇನ್ನೊಂದು ವರ್ಷ, ಇನ್ನೊಂದು ಅಭಾವದಲ್ಲಿ ತೀರ್ಮಾನ ಬೇರೆಯಾಗಬಹುದು. ತೀರ್ಮಾನ ಸಂಗತಿಗಳೊಡನೆ ಬದಲಾಗುತ್ತದೆ, ಅದನ್ನು ತಲುಪುವ ಕ್ರಮ ಮಾತ್ರ ಬದಲಾಗದು.

ಮೂರನೆಯ ಹೆಜ್ಜೆ: ನಡೆಸುವುದು

ತೀರ್ಮಾನವಾದ ಮೇಲೆ ಅದನ್ನು ದಾರಿಯುದ್ದಕ್ಕೂ ಪಾಲಿಸಬೇಕು. ಕಾರಿನಲ್ಲಿ ಹೊರಟವರು ಮರಳುವ ಗಡಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಅಲ್ಲಿಗೆ ಬಂದಾಗ ಮತ್ತೆ ವಾದ ಮಾಡದಿರಲಿ. ಫ್ರಾನ್ಸಿನ ಹೆದ್ದಾರಿಯಲ್ಲಿ ಒಣ ಹವೆಯಲ್ಲಿ ಗಂಟೆಗೆ 130 ಕಿಲೋಮೀಟರಿಗೆ ಅನುಮತಿ ಇದ್ದರೂ 110ರಲ್ಲಿ ಹೋದರೆ ಇಂಧನ ಉಳಿಯುತ್ತದೆ. ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ಬಂಕ್ ನೋಡಿಕೊಳ್ಳಬೇಕು. ಆದರೆ ಅಗತ್ಯವಿದ್ದಷ್ಟನ್ನೇ ತೆಗೆದುಕೊಳ್ಳಬೇಕು. ಆತುರದಲ್ಲಿ ತಪ್ಪು ಇಂಧನ ತುಂಬಿಸಿಕೊಂಡು ಎಂಜಿನ್ ಕೆಡಿಸಿಕೊಳ್ಳಬಾರದು: 2018ರಿಂದ ಯುರೋಪಿನ ಬಂಕುಗಳಲ್ಲಿ ಪೆಟ್ರೋಲಿಗೆ ವೃತ್ತದ ಗುರುತು, ಡೀಸೆಲ್‌ಗೆ ಚೌಕದ ಗುರುತು ಇದೆ. ಡೀಸೆಲನ್ನು ಅಲ್ಲಿ ಗಜೋಲ್ ಎನ್ನುತ್ತಾರೆ. ಹೊಳೆಯುವ ಜಾಕೆಟ್ ಮತ್ತು ಎಚ್ಚರಿಕೆಯ ತ್ರಿಕೋನ ಕಾರಿನಲ್ಲಿ ಕಡ್ಡಾಯ. ಔಷಧಿ, ನೀರು, ತಿಂಡಿ, ಕಂಬಳಿ ಕೈಗೆಟಕುವಂತಿರಲಿ. ಮುಷ್ಕರ ಹೂಡಿದವರನ್ನಾಗಲಿ, ಬಂಕಿನ ಹುಡುಗನನ್ನಾಗಲಿ ಬೈಯುತ್ತ ಹೋಗುವುದು ಯಾತ್ರಿಕರಿಗೆ ಶೋಭಿಸದು. ರಸ್ತೆಯು ಜನರ ನಡುವೆ ಬಾಂಧವ್ಯ ಬೆಳೆಸುವ ಸಾಧನವಾಗಬೇಕೆಂದು ವ್ಯಾಟಿಕನ್ 2007ರಲ್ಲಿ ಚಾಲಕರಿಗಾಗಿ ಹೊರಡಿಸಿದ ಹತ್ತು ಕಟ್ಟಳೆಗಳಲ್ಲಿ ಒಂದು ಹೇಳುತ್ತದೆ.

ಉಳಿಯಲು ತೀರ್ಮಾನಿಸಿದವರೂ ಅದನ್ನು ಮನಃಪೂರ್ವಕವಾಗಿ ನಡೆಸಬೇಕು. ಮುಖ ಗಂಟಿಕ್ಕಿಕೊಂಡು, ನಿನ್ನಿಂದಲೇ ಹೋಗಲಾಗಲಿಲ್ಲ ಎಂದು ಒಬ್ಬರನ್ನೊಬ್ಬರು ದೂರುತ್ತ ಕಳೆದ ರಜೆ ಯಾರಿಗೂ ಉಪಯೋಗವಿಲ್ಲ. ಅಕ್ಟೋಬರ್ ಜಪಸರದ ತಿಂಗಳು. ಸಂಜೆ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಅಜ್ಜಿಯ ಜೊತೆ ಜಪಸರ ಹೇಳಬಹುದು. ಉಳಿದ ಪೆಟ್ರೋಲಿನಲ್ಲಿ ನೆರೆಮನೆಯ ವೃದ್ಧರನ್ನು ಭಾನುವಾರದ ಬಲಿಪೂಜೆಗೆ ಕರೆದೊಯ್ಯಬಹುದು.

ಪ್ರಿಯ ಓದುಗರೇ, ಹೋಗುವುದರಲ್ಲಿ ಪಾಪವಿಲ್ಲ, ಉಳಿಯುವುದರಲ್ಲಿ ಪುಣ್ಯವಿಲ್ಲ. ನಿರ್ಧಾರವನ್ನು ಭಯದ ಕೈಗೋ ಹಟದ ಕೈಗೋ ಕೊಟ್ಟುಬಿಡುವುದರಲ್ಲಿ ತಪ್ಪಿದೆ. ಲಗಾಮು ಸಾರಥಿಯ ಕೈಯಲ್ಲಿರಲಿ. ಇಂದು ಪೆಟ್ರೋಲ್, ನಾಳೆ ನೀರು, ಇನ್ನೊಂದು ದಿನ ಔಷಧಿ; ಅಭಾವ ಯಾವುದರದೇ ಆಗಿರಲಿ, ನನ್ನ ಪಾಲು ಎಷ್ಟು ಎಂಬುದರ ಜೊತೆಗೆ, ನನ್ನ ಹಿಂದೆ ಸಾಲಿನಲ್ಲಿ ಯಾರಿದ್ದಾರೆ ಎಂದು ಒಮ್ಮೆ ತಿರುಗಿ ನೋಡುವ ಅಭ್ಯಾಸವನ್ನು ನಮ್ಮ ಮನೆಗಳಲ್ಲಿ ಬೆಳೆಸೋಣ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರಗಳನ್ನು ಮಾಡುವಾಗ ಯಾರನ್ನು ಕೇಳುತ್ತೇವೆ? ಯಾರನ್ನು ಕೇಳಲು ಮರೆಯುತ್ತೇವೆ?

2. ದೂರದೃಷ್ಟಿಗೂ ಕೂಡಿಡುವ ಆತುರಕ್ಕೂ ಇರುವ ಭೇದವನ್ನು ನಮ್ಮ ಅಡುಗೆಮನೆಯ ಅಥವಾ ಊರಿನ ಒಂದು ಉದಾಹರಣೆಯಿಂದ ಹೇಳಬಹುದೇ?

3. ತೀರಿಸಲಾಗದ ಹರಕೆಯೊಂದು ಮನೆಯಲ್ಲಿ ಯಾರ ಮನಸ್ಸನ್ನಾದರೂ ಕಾಡುತ್ತಿದೆಯೇ? ಗುರುಗಳೊಡನೆ ಮಾತನಾಡಲು ಅವರಿಗೆ ನಾವು ನೆರವಾಗಬಹುದೇ?

4. ಹೊರದೇಶದಲ್ಲಿರುವ ಮಕ್ಕಳಿಗೆ ನಮ್ಮ ಆಸೆಗಳು ಕೆಲವೊಮ್ಮೆ ಒತ್ತಡವಾಗುತ್ತವೆಯೇ? ಅವರೊಡನೆ ಈ ವಾರ ಫೋನಿನಲ್ಲಿ ಮಾತನಾಡುವಾಗ ಇದನ್ನು ಬಿಚ್ಚುಮನಸ್ಸಿನಿಂದ ಕೇಳಿ ನೋಡಿ.